ಮುಳುಗದ ಗಣಪ: ಅಚ್ಚು, ರಾಳ ಮತ್ತು ನೊರೆಯ ಕಥೆ

ದೀಪಾವಳಿ ಮುಗಿದು ಹದಿನೈದು ದಿನಕ್ಕೆ ಬರುವ ಗೌರಿ ಹುಣ್ಣಿಮೆಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಸಕ್ಕರೆ ಆರತಿ ಇರಲೇಬೇಕು. ಆನೆ, ನವಿಲು, ತೇರು, ಗೋಪುರಗಳ ಆಕಾರದ ಬಿಳಿ, ಗುಲಾಬಿ, ಹಳದಿ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ಹೆಣ್ಣುಮಕ್ಕಳು ಗೌರಿಗೆ ಬೆಳಗುತ್ತಾರೆ. ಬೆಳಗಿದ ಮೇಲೆ ಆನೆ ಅಂಬಾರಿ ಸಮೇತ ಮಕ್ಕಳ ಬಾಯಿ ಸೇರುತ್ತದೆ. ಗಡಿಯಂಚಿನ ನಿಪ್ಪಾಣಿ ಸೀಮೆಯಲ್ಲಿ ಯುಗಾದಿಯ ಗುಡಿಗೆ ತೂಗುಹಾಕುವ ಸಕ್ಕರೆ ಗಾಠಿಯ ಸರವೂ ಇದೇ ಜಾತಿಯದು. ಇವೆರಡೂ ಮರದ ಅಚ್ಚಿನಲ್ಲಿ ಹುಯ್ದು ತೆಗೆದ ಎರಕಗಳು. ಎರಕವೆಂದರೆ ಕಂಚು, ಕಬ್ಬಿಣ ಎಂದಷ್ಟೇ ತಿಳಿಯುವ ನಮಗೆ ಇದು ಸುಲಭಕ್ಕೆ ಹೊಳೆಯುವುದಿಲ್ಲ.

ಸಕ್ಕರೆ ಆರತಿ ಮಾಡುವವರ ಕೆಲಸವನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಮರದ ಎರಡು ಹೋಳುಗಳಲ್ಲಿ ಗೊಂಬೆಯ ಆಕಾರವನ್ನು ತಿರುವುಮುರುವಾಗಿ ಕೆತ್ತಿರುತ್ತಾರೆ. ಹುಯ್ಯುವ ಮೊದಲು ಅಚ್ಚನ್ನು ನೀರಿನಲ್ಲಿ ನೆನೆಹಾಕುತ್ತಾರೆ. ಆಮೇಲೆ ಎರಡು ಹೋಳುಗಳನ್ನು ಜೋಡಿಸಿ ದಾರದಿಂದ ಬಿಗಿಯುತ್ತಾರೆ. ಸಕ್ಕರೆ ಪಾಕಕ್ಕೆ ತುಸು ಹಾಲು ಹಾಕಿ ಕೊಳೆ ತೆಗೆದು, ಹದ ಬಂದಾಗ ಸೌಟಿನಿಂದ ಪಾತ್ರೆಯ ಗೋಡೆಗೆ ಉಜ್ಜುತ್ತಾರೆ. ಉಜ್ಜಿದಂತೆ ಪಾರದರ್ಶಕವಾಗಿದ್ದ ಪಾಕ ಬೆಳ್ಳಗಾಗುತ್ತದೆ, ಅಂದರೆ ಸಕ್ಕರೆಯ ಸಣ್ಣ ಹರಳುಗಳು ಹುಟ್ಟುತ್ತವೆ. ಆ ಗಳಿಗೆಯಲ್ಲಿ ಅಚ್ಚಿಗೆ ಹುಯ್ದರೆ ಕೆಲವೇ ನಿಮಿಷಗಳಲ್ಲಿ ಗೊಂಬೆ ಗಟ್ಟಿ. ನೆನೆದ ಮರದ ಮೈಮೇಲಿನ ನೀರಿನ ತೆಳು ಪದರವೇ ಸಕ್ಕರೆ ಅಂಟದಂತೆ ತಡೆಯುತ್ತದೆ. ಒಣ ಅಚ್ಚಿಗೆ ಹುಯ್ದರೆ ನವಿಲಿನ ಕೊಕ್ಕು ಮರದಲ್ಲಿ, ಬಾಲ ಕೈಯಲ್ಲಿ.

ಕಬ್ಬಿನ ಗಾಣದಲ್ಲೂ ಇದೇ ಉಪಾಯ. ಕೊಪ್ಪರಿಗೆಯಿಂದ ಇಳಿಸಿದ ಬೆಲ್ಲದ ಪಾಕವನ್ನು ಪೆಂಟಿ ಕಟ್ಟಲು ಬಕೀಟಿನಂಥ ಅಚ್ಚಿಗೆ ಹಾಕುವಾಗ ಒಳಗೆ ಬಟ್ಟೆ ಹಾಸುತ್ತಾರೆ. ಬಕೀಟಿನ ಬಾಯಿ ಅಗಲ, ತಳ ಕಿರಿದು. ಹಾಗಾಗಿ ಬೋರಲು ಹಾಕಿದರೆ ಪೆಂಟಿ ಜಾರಿ ಬರುತ್ತದೆ. ಅಚ್ಚಿನ ವಿದ್ಯೆಯಲ್ಲಿ ತುಂಬುವುದು ಅರ್ಧ ಕೆಲಸ. ತುಂಬಿದ್ದು ಮುರಿಯದೆ ಬಿಟ್ಟು ಬರಬೇಕು. ಇಂದು ಪೇಟೆಯಲ್ಲಿ ಸಿಲಿಕೋನ್ ಅಚ್ಚಿನಿಂದ ತೆಗೆದ ನೊರೆ ಮತ್ತು ರಾಳದ ಹಗುರ ವಸ್ತುಗಳನ್ನು ಕಾಣುತ್ತೇವಲ್ಲ, ಮದುವೆ ಮಂಟಪದ ಕೆತ್ತನೆ ಕಂಬಗಳು, ಪ್ರಭಾವಳಿಗಳು, ನಾಟಕದ ಕಿರೀಟಗಳು, ಕೊನೆಗೆ ಎತ್ತಿದರೆ ಒಂದೇ ಕೈಗೆ ಬರುವ ಗಣಪತಿ, ಇವೆಲ್ಲ ಈ ಬಿಡುಗಡೆಯ ಸಮಸ್ಯೆಗೆ ಸಿಕ್ಕ ಹೊಸ ಉತ್ತರಗಳು. ಉತ್ತರದ ಜೊತೆಗೇ ಬಂದ ತೊಡಕು ಮಾತ್ರ ಅಚ್ಚಿನ ಹೊರಗಿದೆ: ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರಿನಲ್ಲಿ.

ಸೊಂಡಿಲಿನ ಸಮಸ್ಯೆ

ಬೆಲ್ಲದ ಪೆಂಟಿಗೆ ಕೈಕಾಲಿಲ್ಲ. ಸಕ್ಕರೆ ನವಿಲು ಚಪ್ಪಟೆ. ಮರ, ಕಲ್ಲು, ಲೋಹದಂಥ ಬಾಗದ ಅಚ್ಚುಗಳಿಂದ ನೇರವಾಗಿ ಹೊರಬರುವ ಆಕಾರಗಳನ್ನಷ್ಟೇ ತೆಗೆಯಬಹುದು. ಒಳಕ್ಕೆ ಬಾಗಿದ, ಕೊಕ್ಕೆಯಂತೆ ಸಿಕ್ಕಿಕೊಳ್ಳುವ ಭಾಗವಿದ್ದರೆ ಒಂದೋ ಅಚ್ಚು ಒಡೆಯಬೇಕು, ಇಲ್ಲವೇ ಮೂರ್ತಿ. ಈ ದೃಷ್ಟಿಯಿಂದ ನೋಡಿದರೆ ನಮ್ಮ ದೇವತೆಗಳಲ್ಲೆಲ್ಲ ಅಚ್ಚಿನವರಿಗೆ ಅತ್ಯಂತ ಕಷ್ಟ ಕೊಡುವವನು ವಿಘ್ನ ನಿವಾರಕನೇ. ಹೊಟ್ಟೆಯ ಮೇಲೆ ಸುತ್ತಿಕೊಂಡ ಸೊಂಡಿಲು, ನಾಲ್ಕು ಕೈ, ಬೀಸಣಿಗೆಯಂಥ ಕಿವಿ, ಮಡಿಸಿದ ಕಾಲು, ಅದರ ಸಂದಿಯಲ್ಲಿ ಇಲಿ. ಬಾಗದ ಅಚ್ಚಿನಲ್ಲಿ ಇದನ್ನು ತೆಗೆಯಬೇಕಾದರೆ ಅಚ್ಚನ್ನು ಹತ್ತಾರು ತುಂಡು ಮಾಡಬೇಕು, ಅಥವಾ ಕೈ, ಸೊಂಡಿಲುಗಳನ್ನು ಬೇರೆಯಾಗಿ ತೆಗೆದು ಅಂಟಿಸಬೇಕು.

ಕುಂಬಾರರಿಗೆ ಹಿಂದೆ ಈ ತಾಪತ್ರಯ ಅಷ್ಟಾಗಿ ಇರಲಿಲ್ಲ. ಏಕೆಂದರೆ ಕೈಯಲ್ಲೇ ಮಾಡುತ್ತಿದ್ದರು. ಈ ಸೀಮೆಯ ಹಬ್ಬಗಳ ಸಾಲೇ ಮಣ್ಣಿನದು. ಮುಂಗಾರಿನ ಆರಂಭಕ್ಕೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೆ ಬುಟ್ಟಿಯಲ್ಲಿ ಕುಳಿತು ಬರುವ ಜೋಕುಮಾರ. ಹೊಲದ ಮಣ್ಣು, ಹಳ್ಳದ ಮಣ್ಣು ಕೆಲವು ದಿನ ದೇವರಾಗಿ ಮತ್ತೆ ಮಣ್ಣಾಗುತ್ತಿತ್ತು. ಗಣಪ ದೊಡ್ಡವನಾಗಿದ್ದು ಸಾರ್ವಜನಿಕ ಉತ್ಸವದಿಂದ. ಲೋಕಮಾನ್ಯ ತಿಲಕರು 1893ರಲ್ಲಿ ಪುಣೆಯಲ್ಲಿ ಸಾರ್ವಜನಿಕ ಗಣೇಶೋತ್ಸವಕ್ಕೆ ಚಾಲನೆ ಕೊಟ್ಟಾಗ ಚಿಕ್ಕೋಡಿ, ಅಥಣಿಗಳು ಅದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಮಂಡಳಿಗಳು ಹೆಚ್ಚಿದಂತೆ ಮೂರ್ತಿಯ ಎತ್ತರ ಏರಿತು, ಎತ್ತರ ಏರಿದಂತೆ ತೂಕ ಏರಿತು. ಶಾಡು ಮಣ್ಣಿನ ಆಳೆತ್ತರದ ಮೂರ್ತಿಯನ್ನು ಟ್ರ್ಯಾಕ್ಟರಿಗೆ ಏರಿಸಿ ಇಳಿಸುವುದು ಹುಡುಗಾಟವಲ್ಲ. ಬಿರುಕು ಬಿಟ್ಟರೆ ಅಪಶಕುನದ ಮಾತು ಬೇರೆ.

ಪ್ಲಾಸ್ಟರ್ ಆಫ್ ಪ್ಯಾರಿಸ್, ಆಡುಮಾತಿನ ಪಿಒಪಿ, ಈ ಸಂದಿಯಲ್ಲಿ ನುಗ್ಗಿತು. ಜಿಪ್ಸಂ ಎಂಬ ಖನಿಜವನ್ನು ಸುಮಾರು 150 ಡಿಗ್ರಿಗೆ ಕಾಯಿಸಿದರೆ ಅದರೊಳಗಿನ ನೀರಿನ ಮುಕ್ಕಾಲು ಪಾಲು ಹೋಗಿ ಪುಡಿಯಾಗುತ್ತದೆ. ಪುಡಿಗೆ ಮತ್ತೆ ನೀರು ಬೆರೆಸಿದರೆ ಕಳೆದುಕೊಂಡ ನೀರನ್ನು ಹೀರಿ, ಬಿಸಿಯಾಗಿ, ಅರ್ಧ ಗಂಟೆಯೊಳಗೆ ಕಲ್ಲಿನಂತಾಗುತ್ತದೆ. ಗಟ್ಟಿಯಾಗುವಾಗ ಕೂದಲೆಳೆಯಷ್ಟು ಹಿಗ್ಗುವುದರಿಂದ ಅಚ್ಚಿನ ಮೂಲೆಮೂಲೆಯ ಗೆರೆಯೂ ಅದರ ಮೈಮೇಲೆ ಮೂಡುತ್ತದೆ. ಇದಕ್ಕೆ ಜೊತೆಯಾಗಿದ್ದು ರಬ್ಬರಿನ ಅಚ್ಚು. ಮೂಲ ಮೂರ್ತಿಗೆ ರಬ್ಬರ್ ಹಾಲನ್ನು ಒಂದರ ಮೇಲೊಂದು ಪದರವಾಗಿ ಬಳಿದು, ಒಣಗಿದ ಮೇಲೆ ಕಾಲುಚೀಲ ತೆಗೆದಂತೆ ತಿರುವಿ ತೆಗೆಯುವುದು. ರಬ್ಬರು ಹಿಗ್ಗುತ್ತದೆ, ಆದ್ದರಿಂದ ಸೊಂಡಿಲು ಸಿಕ್ಕಿಕೊಳ್ಳುವುದಿಲ್ಲ. ಗಡಿಯ ಮರಾಠಿ ಮಾತಿನಲ್ಲಿ ಇದಕ್ಕೆ ಸಾಚಾ ಎನ್ನುತ್ತಾರೆ. ಒಂದು ಸಾಚಾ ಕೈಯಲ್ಲಿದ್ದರೆ ಶಿಲ್ಪವಿದ್ಯೆ ಗೊತ್ತಿಲ್ಲದವನೂ ಸಾಲುಗಟ್ಟಲೆ ಗಣಪತಿ ತೆಗೆಯಬಹುದು. ಕೈಯಲ್ಲಿ ಮಣ್ಣು ಮಿದ್ದು ಮಾಡುತ್ತಿದ್ದವನ ಕಸುಬಿಗೆ ಬಿದ್ದ ದೊಡ್ಡ ಪೆಟ್ಟು ಇದೇ. ಪಿಒಪಿಯನ್ನು ದೂರುವಾಗ ನಾವು ಸಾಚಾವನ್ನು ಮರೆಯುತ್ತೇವೆ.

ಮರಳಿನಿಂದ ರಬ್ಬರು

ಸಿಲಿಕೋನ್ ಈ ರಬ್ಬರ್ ಅಚ್ಚಿನ ದುಬಾರಿ ತಮ್ಮ. ಮರಗಳ ಹಾಲಿನ ರಬ್ಬರಿನ ಬೆನ್ನೆಲುಬು ಇಂಗಾಲದ ಸರಪಳಿಯಾದರೆ ಇದರದು ಸಿಲಿಕಾನ್ ಮತ್ತು ಆಮ್ಲಜನಕ ಕೈಕೈ ಹಿಡಿದ ಸರಪಳಿ. ಅದರ ಮೂಲ ಮರಳು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯುಜೀನ್ ರೋಚೋ 1940ರಲ್ಲಿ ಇದರ ಕಚ್ಚಾವಸ್ತುವನ್ನು ಕಾರ್ಖಾನೆ ಪ್ರಮಾಣದಲ್ಲಿ ತೆಗೆಯುವ ದಾರಿ ಕಂಡುಕೊಂಡ. 1969ರಲ್ಲಿ ಚಂದ್ರನ ಧೂಳಿನ ಮೇಲೆ ಮೂಡಿದ ಪ್ರಸಿದ್ಧ ಹೆಜ್ಜೆ ಗುರುತು ಸಿಲಿಕೋನ್ ರಬ್ಬರಿನ ಅಟ್ಟೆಯದು. ಅಂದರೆ ಅದೂ ಒಂದು ಅಚ್ಚೇ!

ಅಚ್ಚು ಮಾಡುವವರಿಗೆ ಸಿಲಿಕೋನ್ ಬರುವುದು ಎರಡು ಡಬ್ಬಿಗಳಲ್ಲಿ: ಜೇನಿನಂಥ ದಪ್ಪ ದ್ರವ, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್. ತಕ್ಕಡಿಯಲ್ಲಿ ತೂಗಿ ಬೆರೆಸಬೇಕು, ಕಣ್ಣಂದಾಜು ನಡೆಯದು. ಮೂಲ ಮೂರ್ತಿಯನ್ನು ಪೆಟ್ಟಿಗೆಯಲ್ಲಿಟ್ಟು ಒಂದು ಮೂಲೆಯಿಂದ ಎತ್ತರಕ್ಕೆ ಹಿಡಿದು ದಾರದಂತೆ ಸಣ್ಣಗೆ ಹುಯ್ಯುತ್ತಾರೆ. ಸಣ್ಣಗೆ ಇಳಿದಷ್ಟೂ ಗಾಳಿಗುಳ್ಳೆಗಳು ದಾರಿಯಲ್ಲೇ ಒಡೆಯುತ್ತವೆ. ಒಂದು ಹಗಲು ರಾತ್ರಿ ಕಳೆದರೆ ಮೂರ್ತಿಯ ಸುತ್ತ ಮೆತ್ತನೆಯ ಗಟ್ಟಿ. ಚೂಪಾದ ಚಾಕುವಿನಿಂದ ಬೆನ್ನಿನ ಕಡೆ ಸೀಳಿ ಒಳಗಿನದನ್ನು ಹೊರಗೆಳೆದರೆ ಅಚ್ಚು ಸಿದ್ಧ. ಹೆಬ್ಬೆರಳು ಒತ್ತಿ ತೆಗೆದರೆ ಬೆರಳಿನ ಗೆರೆಗಳೂ ಎಣಿಸಲು ಸಿಗುವಷ್ಟು ನಿಖರ. ಮೆತ್ತಗಿರುವ ಅಚ್ಚು ಎರಕದ ಭಾರಕ್ಕೆ ಡೊಳ್ಳು ಬೀಳಬಾರದೆಂದು ಹೊರಗೆ ಪಿಒಪಿಯದೋ ಫೈಬರಿನದೋ ಕವಚ ಹಾಕುತ್ತಾರೆ.

ಸಿಲಿಕೋನ್‌ಗೆ ಬೇರೆ ಯಾವುದೂ ಸುಲಭಕ್ಕೆ ಅಂಟುವುದಿಲ್ಲ. ಪಾಕಕ್ಕೆ ನೆನೆದ ಮರ, ಬೆಲ್ಲಕ್ಕೆ ಬಟ್ಟೆ ಮಾಡುತ್ತಿದ್ದ ಕೆಲಸವನ್ನು ಅದರ ಮೈಯೇ ಮಾಡುತ್ತದೆ. ಸಿಲಿಕೋನ್ ಅಂಟುವುದು ಸಿಲಿಕೋನ್‌ಗೆ ಮಾತ್ರ. ಎರಡು ಹೋಳಿನ ಅಚ್ಚು ಮಾಡುವಾಗ ಮೊದಲ ಹೋಳಿಗೆ ವ್ಯಾಸಲೀನ್ ಸವರುವುದನ್ನು ಮರೆತರೆ ಎರಡೂ ಒಂದಾಗಿ, ದುಡ್ಡು ನೀರಾಗುತ್ತದೆ. ಈ ದ್ರವಕ್ಕೆ ಕಿಲೋಗೆ ಹಲವು ನೂರು ರೂಪಾಯಿ. ಆದ್ದರಿಂದಲೇ ದೊಡ್ಡ ಮೂರ್ತಿಗಳಿಗೆ ಹಳೆಯ ರಬ್ಬರ್ ಹಾಲು ಅಥವಾ ಫೈಬರ್ ಅಚ್ಚು, ಮುಖ, ಆಭರಣ, ಪ್ರಭಾವಳಿಯಂಥ ಸೂಕ್ಷ್ಮ ಕೆಲಸಕ್ಕೆ ಸಿಲಿಕೋನ್. ರಾಳದ ಕಾವಿಗೆ, ಅದರ ರಸಾಯನಕ್ಕೆ ಸಿಲಿಕೋನ್ ಅಚ್ಚೂ ಕ್ರಮೇಣ ಬಿರುಸಾಗಿ ಹರಿಯುತ್ತದೆ. ಕೆಲವು ಡಜನ್ ಎರಕ ತೆಗೆದ ಮೇಲೆ ಹೊಸ ಅಚ್ಚು ಬೇಕೇ ಬೇಕು.

ಇನ್ನು ಅಚ್ಚಿನೊಳಗೆ ಹುಯ್ಯುವ ಮಾಲು. ಫೈಬರ್ ಗಣಪತಿ ಎಂದು ನಾವು ಕರೆಯುವುದು ಪಾಲಿಯೆಸ್ಟರ್ ರಾಳ ಮತ್ತು ಗಾಜಿನ ಎಳೆಗಳ ಜೋಡಿ. ಅಚ್ಚಿನ ಒಳಮೈಗೆ ರಾಳ ಬಳಿದು, ಗಾಜಿನ ಎಳೆಯ ಚಾಪೆ ಒತ್ತಿ, ಮತ್ತೆ ರಾಳ ಕುಡಿಸುತ್ತಾರೆ. ನಾಲ್ಕಾರು ಮಿಲಿಮೀಟರ್ ದಪ್ಪದ ಚಿಪ್ಪು ಸಾಕು, ಒಳಗೆಲ್ಲ ಟೊಳ್ಳು. ಹೀಗೆ ನಾರು ಮತ್ತು ಅಂಟು ಸೇರಿಸಿ ಹಗುರವಾದ ಗಟ್ಟಿಯನ್ನು ಪಡೆಯುವುದು ನಮಗೆ ಹೊಸದೇನಲ್ಲ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗಳ ಸಂದುಗಳನ್ನು ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾ ಬಂದವರು. ಮೊಹರಮ್ಮಿನಲ್ಲಿ ಹಿಂದೂ ಮುಸ್ಲಿಮರು ಕೂಡಿಯೇ ಹೊರುವ ತಾಬೂತುಗಳು ಬಿದಿರು ಮತ್ತು ಬಣ್ಣದ ಕಾಗದದವು. ಹೆಗಲ ಮೇಲೆ ಹೊರುವ ದೇವರು ಹಗುರವಾಗಿರಬೇಕೆಂಬುದು ಹಳೆಯ ಬಯಕೆ.

ನೊರೆಯದು ಇನ್ನೂ ಸ್ವಾರಸ್ಯದ ಕಥೆ. ಜರ್ಮನಿಯ ಓಟೋ ಬೇಯರ್ 1937ರಲ್ಲಿ ಪಾಲಿಯುರೆಥೇನ್ ಕಂಡುಹಿಡಿದ. ಪಾಲಿಯಾಲ್ ಮತ್ತು ಐಸೋಸಯನೇಟ್ ಎಂಬ ಎರಡು ದ್ರವಗಳನ್ನು ಬೆರೆಸಿದರೆ ಕೆಲವು ಸೆಕೆಂಡುಗಳಲ್ಲಿ ಕೆನೆಗಟ್ಟಿ, ಒಲೆಯ ಮೇಲಿನ ಹಾಲಿನಂತೆ ಉಕ್ಕುತ್ತದೆ. ಮಿಶ್ರಣದಲ್ಲಿರುವ ನೀರು ಐಸೋಸಯನೇಟಿನೊಡನೆ ಸೇರಿದಾಗ ಹುಟ್ಟುವ ಇಂಗಾಲದ ಡೈ ಆಕ್ಸೈಡೇ ಇದನ್ನು ಉಬ್ಬಿಸುವುದು. ಇಡ್ಲಿ ಹಿಟ್ಟನ್ನು ಉಬ್ಬಿಸುವ ಗಾಳಿಯೂ ಅದೇ. ವ್ಯತ್ಯಾಸವೆಂದರೆ ಇದು ಉಬ್ಬಿದ ಮೇಲೆ ಹಾಗೆಯೇ ಗಟ್ಟಿಯಾಗಿ ನಿಲ್ಲುತ್ತದೆ. ದ್ರವಕ್ಕಿಂತ ಇಪ್ಪತ್ತು ಪಟ್ಟು ಹಿಗ್ಗುವ ಜಾತಿಗಳಿವೆ. ಅಚ್ಚಿನ ಒಳಮೈಗೆ ಮೊದಲು ರಾಳದ ತೆಳು ಚರ್ಮ ಬಳಿದು, ಅದರ ಹೊಟ್ಟೆಗೆ ಈ ದ್ರವ ಹುಯ್ದು, ಗಾಳಿ ಹೋಗಲು ಸಣ್ಣ ತೂತು ಬಿಟ್ಟು, ಮುಚ್ಚಳವನ್ನು ಬೆಲ್ಟಿನಿಂದ ಬಿಗಿಯಬೇಕು. ಬಿಗಿಯದಿದ್ದರೆ ನೊರೆ ಮುಚ್ಚಳವನ್ನೇ ಎತ್ತಿ ಹೊರಬರುತ್ತದೆ.

ತೂಕದ ಲೆಕ್ಕ ಹೀಗಿದೆ. 10 ಲೀಟರಿನ ಒಂದು ಬಕೀಟು ತುಂಬ ಹಸಿ ಮಣ್ಣು ಹಿಡಿದರೆ ಸುಮಾರು 18 ಕೆಜಿ. ಅದೇ ಬಕೀಟಿನಲ್ಲಿ ಪಿಒಪಿ ಹುಯ್ದು ಒಣಗಿಸಿದರೆ 11 ಕೆಜಿಯ ಆಸುಪಾಸು. ಗಟ್ಟಿ ರಾಳವೂ ಹೆಚ್ಚುಕಡಿಮೆ ಅಷ್ಟೇ. ನೊರೆಯಾದರೆ, ಸ್ವಲ್ಪ ಗಟ್ಟಿಮುಟ್ಟಾದ ಜಾತಿಯದೇ ಆದರೂ, ಒಂದು ಕೆಜಿ. ನೀರಿನ ಹತ್ತನೆಯ ಒಂದು ಭಾಗ. ಎಂಟು ಮಂದಿ ಹೊರುತ್ತಿದ್ದುದನ್ನು ಇಬ್ಬರು ಹುಡುಗರು ಎತ್ತಬಹುದು.

ಚಿಕ್ಕೋಡಿ, ಅಥಣಿ, ಕಾಗವಾಡದ ಕಬ್ಬು ಬೆಳೆಗಾರರಿಗೆ ಕುತೂಹಲವೆನಿಸಬಹುದಾದ ಸಂಗತಿ ಒಂದಿದೆ. ಗಟ್ಟಿ ನೊರೆಗೆ ಬೇಕಾದ ಪಾಲಿಯಾಲ್ ತಯಾರಿಸಲು ಬೀಜದಂತೆ ಬಳಸುವ ವಸ್ತುಗಳಲ್ಲಿ ಸಕ್ಕರೆಯೂ ಒಂದು. ಸಕ್ಕರೆಯ ಒಂದು ಅಣುವಿಗೆ ಎಂಟು ಹಿಡಿಕೆಗಳಿರುವುದರಿಂದ ನೊರೆಯ ಬಲೆ ಬಿಗಿಯಾಗಿ ಹೆಣೆದುಕೊಳ್ಳುತ್ತದೆ. ಕಬ್ಬಿನ ಹಿಪ್ಪೆಯಿಂದ ತೆಗೆಯಬಹುದಾದ ಫರ್ಫುರಾಲ್ ಎಂಬ ದ್ರವದಿಂದ ಬರುವ ಫ್ಯೂರಾನ್ ರಾಳ ಫೌಂಡ್ರಿಗಳಲ್ಲಿ ಮರಳಿನ ಅಚ್ಚನ್ನು ಗಟ್ಟಿ ಹಿಡಿಯುವ ಅಂಟು. ಸಕ್ಕರೆ ಆರತಿಯ ಸಕ್ಕರೆಗೂ ನೊರೆಯ ಕಿರೀಟಕ್ಕೂ ದೂರದ ನೆಂಟಸ್ತನ ಉಂಟು ಎಂದಾಯಿತು.

ಇಷ್ಟಾದರೂ ಇದು ಮನೆಯ ಜಗಲಿಯಲ್ಲಿ ಆಡುವ ಆಟವಲ್ಲ. 1984ರಲ್ಲಿ ಭೋಪಾಲದಲ್ಲಿ ಸೋರಿದ ಮಿಥೈಲ್ ಐಸೋಸಯನೇಟ್ ಇದೇ ಕುಟುಂಬದ್ದು. ನೊರೆಗೆ ಹೆಚ್ಚಾಗಿ ಬಳಸುವ ಎಂಡಿಐ ಅದರಂತೆ ಸುಲಭವಾಗಿ ಆವಿಯಾಗದು, ನಿಜ. ಆದರೆ ಮೇಲಿಂದ ಮೇಲೆ ಉಸಿರಿಗೆ ಸೇರಿದರೆ ಬಿಡದ ಉಬ್ಬಸ ಅಂಟಿಕೊಳ್ಳಬಹುದು. ಪಾಲಿಯೆಸ್ಟರ್ ರಾಳದ ಘಾಟು ಸ್ಟೈರೀನಿನದು. ಅದಕ್ಕೆ ಬೆರೆಸುವ ಹಾರ್ಡ್‌ನರ್‌ನ ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಆ ಹಾರ್ಡ್‌ನರ್ ಮತ್ತು ಕೋಬಾಲ್ಟ್ ದ್ರವವನ್ನು ರಾಳವಿಲ್ಲದೆ ನೇರವಾಗಿ ಬೆರೆಸಿದರೆ ಸ್ಫೋಟವಾಗಬಹುದು. ಮಳೆಗಾಲ ಇನ್ನೊಂದು ಶತ್ರು. ಗಣಪತಿಯ ಕೆಲಸ ಬಿರುಸಾಗುವುದೇ ಆಷಾಢ, ಶ್ರಾವಣದ ಜಿನುಗು ಮಳೆಯಲ್ಲಿ. ಮಣ್ಣು ಒಣಗದು, ಪಿಒಪಿ ಒಣಗದು. ಐಸೋಸಯನೇಟಿಗೆ ಗಾಳಿಯ ತೇವ ತಗುಲಿದರೆ ಗಟ್ಟಿಯಾಗಬೇಕಾದ ರಾಳದ ಮೈತುಂಬ ಗುಳ್ಳೆ. ಮುಖವಾಡ, ಕೈಗವಸು, ಗಾಳಿಯಾಡುವ ಕೋಣೆ ಇಲ್ಲದ ತಗಡಿನ ಶೆಡ್ಡಿನಲ್ಲಿ ಈ ಕೆಲಸ ಮಾಡಿಸುವುದು ತಪ್ಪು. ಹಬ್ಬದ ಸಡಗರದಲ್ಲಿ ಇದನ್ನು ಯಾರೂ ಕೇಳುವುದಿಲ್ಲ.

ನದಿಯ ಪಾಲು

ಮಣ್ಣಿನ ಗಣಪ ನೀರಿಗಿಳಿದು ಕರಗುತ್ತಾನೆ. ಪಿಒಪಿ ಗಣಪ ಮುಳುಗುತ್ತಾನೆ, ಕರಗಲು ಸತಾಯಿಸುತ್ತಾನೆ. ಒಂದು ಲೀಟರ್ ನೀರು ಕರಗಿಸಿಕೊಳ್ಳಬಲ್ಲ ಜಿಪ್ಸಂ ಎರಡೂವರೆ ಗ್ರಾಂಗಿಂತ ಕಡಿಮೆ. ಅಂದರೆ 10 ಕೆಜಿಯ ಮೂರ್ತಿಗೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು, ಕಾಲಾವಕಾಶ ಬೇರೆ. ಬಣ್ಣದ ವಿಷಯ ಪ್ರತ್ಯೇಕ. ನೊರೆಯ ಗಣಪನಂತೂ ಮುಳುಗುವುದೇ ಇಲ್ಲ. ತೇಲಿಕೊಂಡು ಹೋಗಿ ಬ್ಯಾರೇಜಿನ ಗೇಟಿಗೆ ತಾಗಿ ನಿಲ್ಲುತ್ತಾನೆ. ವಿಸರ್ಜನೆ ಎಂಬ ಮಾತಿಗೇ ಅಲ್ಲಿ ಅರ್ಥವಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ಮೂರ್ತಿ ವಿಸರ್ಜನೆಗೆ ಮಾರ್ಗಸೂಚಿ ಕೊಟ್ಟಿತು. 2020ರಲ್ಲಿ ಅದನ್ನು ಪರಿಷ್ಕರಿಸಿ ಪಿಒಪಿ, ಪ್ಲಾಸ್ಟಿಕ್, ಥರ್ಮಾಕೋಲ್ ಬೇಡವೆಂದಿತು. ಕರ್ನಾಟಕದ ಮಂಡಳಿ 2016ರಲ್ಲೇ ಪಿಒಪಿ ಮೂರ್ತಿಗಳನ್ನು ನಿಷೇಧಿಸಿ ಆದೇಶ ಹೊರಡಿಸಿತ್ತು. ಮಹಾರಾಷ್ಟ್ರದಲ್ಲಿ ಕಥೆ ಬೇರೆ ದಿಕ್ಕು ಹಿಡಿಯಿತು. ಬಾಂಬೆ ಹೈಕೋರ್ಟು 2025ರ ಜೂನ್‌ನಲ್ಲಿ ಪಿಒಪಿ ಮೂರ್ತಿಗಳ ತಯಾರಿಕೆಗೆ ಅವಕಾಶ ಕೊಟ್ಟಿತು. ಜುಲೈನಲ್ಲಿ, ಆರು ಅಡಿಯವರೆಗಿನ ಅಂಥ ಮೂರ್ತಿಗಳನ್ನು ಕೃತಕ ಹೊಂಡಗಳಲ್ಲೇ ವಿಸರ್ಜಿಸಬೇಕೆಂದು ಹೇಳಿತು. ಬೆಂಗಳೂರಿಗೆ ಇವು ಎರಡು ರಾಜ್ಯಗಳ ಸುದ್ದಿ. ನಿಪ್ಪಾಣಿ, ಕಾಗವಾಡಗಳಿಗೆ ಹಾಗಲ್ಲ. ಕೊಲ್ಹಾಪುರದ ಬಾಪಟ್ ಕ್ಯಾಂಪ್, ಶಾಹುಪುರಿ, ಗಂಗಾವೇಶದ ಕುಂಬಾರ ಓಣಿಗಳು ಮಗ್ಗುಲಲ್ಲೇ ಇವೆ. ನದಿಯೂ ಆ ಕಡೆಯಿಂದಲೇ ಬರುತ್ತದೆ. ಕೊಲ್ಹಾಪುರದ ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಸೇರಿ, ಖಿದ್ರಾಪುರ, ಜುಗೂಳಗಳ ನಡುವೆ ಹಾದು ನಮ್ಮ ಸೀಮೆಗೆ ಇಳಿಯುತ್ತಾಳೆ. ಕೊಲ್ಹಾಪುರದವರು ಪಂಚಗಂಗೆಯನ್ನು ಬಿಟ್ಟು ಇರಾಣಿ ಖಣಿಯೆಂಬ ಹಳೆಯ ಕಲ್ಲುಗಣಿಯ ಹೊಂಡದಲ್ಲಿ ವಿಸರ್ಜಿಸತೊಡಗಿದ್ದರ ಲಾಭ ಕೆಳಗಿನ ಊರುಗಳಿಗೂ ಉಂಟು.

ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಒಂದು ದಾರಿ ತೋರಿಸಿದೆ. ಅಮೋನಿಯಂ ಬೈಕಾರ್ಬೊನೇಟ್ ಬೆರೆಸಿದ ನೀರಿನ ಬಕೀಟಿನಲ್ಲಿ ಪಿಒಪಿ ಮೂರ್ತಿಯನ್ನಿಟ್ಟರೆ ಎರಡು ಮೂರು ದಿನಗಳಲ್ಲಿ ಅದು ಸುಣ್ಣದಂಥ ಪುಡಿಯಾಗಿ, ನೀರಿನಲ್ಲಿ ಅಮೋನಿಯಂ ಸಲ್ಫೇಟ್ ಉಳಿಯುತ್ತದೆ. ಕಬ್ಬಿನ ರೈತರಿಗೆ ಅದು ಪರಿಚಿತ ಗೊಬ್ಬರ. ರಾಳಕ್ಕೂ ನೊರೆಗೂ ಇಂಥ ಸುಲಭದ ಮದ್ದಿಲ್ಲ.

ಹಾಗೆಂದು ನೊರೆ, ರಾಳಗಳನ್ನು ದೂರವಿಡಬೇಕೆ? ನನಗೆ ಹಾಗನ್ನಿಸುವುದಿಲ್ಲ. ಕರಗದಿರುವುದು ಅವುಗಳ ದೋಷವಾದಂತೆ ಗುಣವೂ ಹೌದು. ವರ್ಷಾನುಗಟ್ಟಲೆ ಉಳಿಯುವ ಮೂರ್ತಿಗೆ, ಪ್ರಭಾವಳಿಗೆ, ದೊಡ್ಡಾಟದ ಕಿರೀಟ, ಭುಜಕೀರ್ತಿಗಳಿಗೆ ಅವು ತಕ್ಕ ಮಾಲು. ಪುಣೆಯ ದಗಡೂಶೇಠ್ ಗಣಪತಿ ಮಂಡಳಿಯ ದೊಡ್ಡ ಮೂರ್ತಿ ನೀರಿಗಿಳಿಯುವುದಿಲ್ಲ, ಅದು ಕಾಯಂ. ಹಾಗೆಯೇ ಮಂಡಳಿಯೊಂದು ಹಗುರವಾದ ಕಾಯಂ ಮೂರ್ತಿ ಇಟ್ಟುಕೊಂಡು, ಪೂಜೆಗೂ ವಿಸರ್ಜನೆಗೂ ಗೇಣುದ್ದದ ಶಾಡು ಗಣಪನನ್ನು ತಂದರೆ ನದಿಗೆ ಹೋಗುವುದು ಮಣ್ಣಷ್ಟೇ. ಕಷ್ಟ ಬರುವುದು ಕುಂಬಾರನಿಗೆ. ದೊಡ್ಡ ಮಣ್ಣಿನ ಮೂರ್ತಿ ಕರಗುತ್ತಿದ್ದುದರಿಂದ ಪ್ರತಿ ವರ್ಷ ಅವನಿಗೆ ಕೆಲಸವಿತ್ತು. ಕಾಯಂ ಮೂರ್ತಿಯನ್ನು ಮಾರುವುದು ಒಂದೇ ಸಲ. ವರ್ಷಕ್ಕೊಮ್ಮೆ ಬಣ್ಣ, ದುರಸ್ತಿ, ಬಾಡಿಗೆ ಮೂರ್ತಿ, ಜೊತೆಗೆ ಚಿಕ್ಕ ಮಣ್ಣಿನ ಮೂರ್ತಿ, ಇವೆಲ್ಲ ಅವನ ಕೈಗೇ ಸಿಗುವಂತೆ ಮಂಡಳಿಗಳು ನೋಡಿಕೊಂಡರೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆ. ಮೂಲ ಮೂರ್ತಿಯನ್ನು ತಿದ್ದಲು ಇಂದಿಗೂ ಮಣ್ಣು ಬಲ್ಲ ಕೈಯೇ ಬೇಕು. ಸಾಚಾ ನಕಲು ತೆಗೆಯುತ್ತದೆ, ಮುಖದ ಕಳೆ ತರುವುದಿಲ್ಲ.

ಪೇಟೆಯಲ್ಲಿ ಕೊಳ್ಳುವಾಗ ಯಾವ ಗಣಪನೆಂದು ತಿಳಿಯುವುದು ಹೇಗೆ? ಬಣ್ಣ ಹಚ್ಚಿದ ಮೇಲೆ ಎಲ್ಲವೂ ಒಂದೇ. ಎತ್ತಿ ನೋಡಿ: ಗಾತ್ರಕ್ಕೆ ಮೀರಿ ಭಾರವಿದ್ದರೆ ಮಣ್ಣಿರಬಹುದು. ಬೆರಳಿನಿಂದ ತಟ್ಟಿದರೆ ಫೈಬರು ಟೊಳ್ಳಾಗಿ ಸದ್ದು ಮಾಡುತ್ತದೆ, ಒಳಮೈಯಲ್ಲಿ ಗಾಜಿನ ಎಳೆಗಳು ಕಾಣುತ್ತವೆ. ನೊರೆಯಲ್ಲಿ ಉಗುರು ಇಳಿಯುತ್ತದೆ. ಮಣ್ಣೋ ಪಿಒಪಿಯೋ ಎಂಬ ಅನುಮಾನ ಉಳಿದರೆ ತಳಕ್ಕೆ ನಾಲ್ಕು ಹನಿ ನೀರು ಹಾಕಿ ಸ್ವಲ್ಪ ಕಾಯಬೇಕು. ಶಾಡು ಮೆತ್ತಗಾಗಿ ಬೆರಳಿಗೆ ಹತ್ತುತ್ತದೆ. ಪಿಒಪಿ ನೀರನ್ನು ಹೀರುತ್ತದೆ, ಆದರೆ ಮೆತ್ತಗಾಗುವುದಿಲ್ಲ. ಪರೀಕ್ಷೆಗೆ ತಳವನ್ನೇ ಆರಿಸಿಕೊಳ್ಳಿ, ಸಾಮಾನ್ಯವಾಗಿ ಬಣ್ಣ ಬಳಿಯದೆ ಬಿಟ್ಟಿರುವ ಜಾಗ ಅದೊಂದೇ.